ಹಾಡುವಾಗ ನನ್ನ ದನಿ ತಡವಾಗಿ ಕೇಳುತ್ತದೆ, ಫೇಡರ್ ಅಲ್ಲಾಡುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಣ ಅಂತ, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್ ಮತ್ತು ಸಾಫ್ಟ್‌ವೇರನ್ನು ಕೈಯಿಂದ ನಡೆಸಲು ಬೆರಿಂಜರ್ ಎಕ್ಸ್-ಟಚ್ ಕಂಟ್ರೋಲ್ ಸರ್ಫೇಸ್ ತಂದಿದ್ದೇನೆ. ಲ್ಯಾಪ್‌ಟಾಪ್ ವಿಂಡೋಸ್, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಎರಡನ್ನೂ ಯುಎಸ್‌ಬಿಗೆ ಸಿಕ್ಕಿಸಿದೆ. ಹಾಡುವಾಗ ನನ್ನ ದನಿ ಹೆಡ್‌ಫೋನಿನಲ್ಲಿ ತಡವಾಗಿ ಬರುತ್ತದೆ. ಸರ್ಫೇಸ್ ಮೇಲಿನ ಫೇಡರ್‌ಗಳು, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿಗಳು, ಅಲ್ಲಾಡುವುದೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡೂ ಯುಎಸ್‌ಬಿ ಸಲಕರಣೆಗಳು ಅಂತ ಒಟ್ಟಿಗೇ ಸರಿಮಾಡಲು ಹೊರಟರೆ ಸುಮ್ನೆ ಸುಸ್ತಾಗುತ್ತದೆ.

ಸ್ಕಾರ್ಲೆಟ್‌ನ ತಂತಿಯಲ್ಲಿ ಹೋಗುವುದು ಸದ್ದು. ಎಕ್ಸ್-ಟಚ್‌ನ ತಂತಿಯಲ್ಲಿ ಸದ್ದು ಒಂಚೂರೂ ಹೋಗುವುದಿಲ್ಲ. ಮೂರನೇ ಫೇಡರ್ ಇಷ್ಟು ಮೇಲೆ ಹೋಯಿತು, ಪ್ಲೇ ಗುಂಡಿ ಒತ್ತಿದರು ಎಂಬ ಸುದ್ದಿ ಮಾತ್ರ ಅಂಕಿಗಳಾಗಿ ಹೋಗುತ್ತದೆ. 1983ರಿಂದ ಬಳಕೆಯಲ್ಲಿರುವ ಮಿಡಿ ಅಂದರೆ ಇದೇ. ಹಾಗಾಗಿ ಎಕ್ಸ್-ಟಚ್‌ನ ತಂತಿಯನ್ನು ಸದ್ಯಕ್ಕೆ ತೆಗೆದಿಡಿ. ಮೊದಲು ಸದ್ದು ಸರಿಯಾಗಲಿ.

ವಿಂಡೋಸ್‌ನಲ್ಲಿ ಮೊದಲು ನೋಡಬೇಕಾದ್ದು ಡ್ರೈವರ್, ಅಂದರೆ ಸಲಕರಣೆಯನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್. ಸಿಕ್ಕಿಸಿದ ಕೂಡಲೇ ಸದ್ದು ಬಂತಲ್ಲ ಅಂತ ತುಂಬಾ ಜನ ಡ್ರೈವರ್ ಹಾಕುವುದೇ ಇಲ್ಲ. ಆಗ ಸದ್ದು ವಿಂಡೋಸ್‌ನ ಮಾಮೂಲಿ ದಾರಿಯಲ್ಲಿ ಬರುತ್ತದೆ. ಸಿನಿಮಾ ನೋಡಲು ಆ ದಾರಿ ಸಾಕು, ಹಾಡಲು ಸಾಲದು. ರೆಕಾರ್ಡಿಂಗ್‌ಗೆ ಅಂತಲೇ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎಎಸ್‌ಐಒ ಎಂಬ ಹತ್ತಿರದ ದಾರಿ ಮಾಡಿಕೊಟ್ಟಿತು. ಫೋಕಸ್‌ರೈಟ್‌ನ ಸೈಟಿನಿಂದ ನಿಮ್ಮ ಮಾಡೆಲ್‌ಗೆ ಹೊಂದುವ ಡ್ರೈವರ್ ಇಳಿಸಿಕೊಂಡು ಹಾಕಿ. ಆಮೇಲೆ ರೀಪರ್‌ನಲ್ಲಿ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೊ, ಡಿವೈಸ್ ಅಂತ ಹೋಗಿ. ಆಡಿಯೊ ಸಿಸ್ಟಮ್ ಅನ್ನುವಲ್ಲಿ ಎಎಸ್‌ಐಒ ಆರಿಸಿ. ಅದರ ಕೆಳಗೆ ಫೋಕಸ್‌ರೈಟ್‌ನ ಹೆಸರು ಆರಿಸಿ. ಕಂಪನಿಯ ಸ್ವಂತ ಡ್ರೈವರ್ ಇರುವಾಗ ಎಎಸ್‌ಐಒ4ಆಲ್ ಎಂಬ ಎಲ್ಲರ ಬಳಕೆಯ ಡ್ರೈವರ್ ಬೇಡ. ಅದು ವಿಂಡೋಸ್‌ನ ಡ್ರೈವರ್ ಮೇಲೆ ಹಾಕಿದ ಹೊದಿಕೆ ಅಷ್ಟೇ. ಮ್ಯಾಕ್ ಇದ್ದವರಿಗೆ ಈ ಗೋಜಿಲ್ಲ, ಕೋರ್ ಆಡಿಯೊ ಅದರಲ್ಲೇ ಇರುತ್ತದೆ.

ಇನ್ನು ಬಫರ್. ಕಂಪ್ಯೂಟರ್ ಸದ್ದನ್ನು ಒಂದೊಂದು ಸ್ಯಾಂಪಲ್ (ಸದ್ದಿನ ಒಂದು ಕ್ಷಣದ ಅಳತೆ) ಆಗಿ ತೆಗೆದುಕೊಳ್ಳುವುದಿಲ್ಲ. ಒಂದಿಷ್ಟು ಕೂಡಿಟ್ಟುಕೊಂಡು ಒಟ್ಟಿಗೇ ಕೆಲಸ ಮಾಡುತ್ತದೆ. ಎಷ್ಟು ಕೂಡಿಡುತ್ತದೋ ಅಷ್ಟು ತಡ. 48 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್) ಬಫರ್ 1024 ಸ್ಯಾಂಪಲ್ ಇಟ್ಟರೆ 21 ಮಿಲಿಸೆಕೆಂಡ್, 256 ಇಟ್ಟರೆ 5 ಮಿಲಿಸೆಕೆಂಡ್ ಚಿಲ್ಲರೆ, 128ಕ್ಕೆ ಮೂರಕ್ಕಿಂತ ಕಡಿಮೆ. ಇದು ಒಳಗೆ ಬರುವಾಗಲೂ ಆಗುತ್ತದೆ, ಹೊರಗೆ ಹೋಗುವಾಗಲೂ ಆಗುತ್ತದೆ. ಹಾಗಾಗಿ ನಿಮ್ಮ ಕಿವಿಗೆ ಸಿಗುವ ತಡ ಇದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ರೀಪರ್ ಈ ಲೆಕ್ಕವನ್ನು ಕಿಟಕಿಯ ಬಲ ಮೇಲ್ಮೂಲೆಯಲ್ಲಿ ಬರೆದೇ ತೋರಿಸುತ್ತದೆ.

ಗಿಟಾರ್ ನುಡಿಸುವವರು 10 ಮಿಲಿಸೆಕೆಂಡ್ ತಡವನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ಸದ್ದು ಗಾಳಿಯಲ್ಲಿ ಅಷ್ಟು ಹೊತ್ತಿಗೆ ಮೂರೂವರೆ ಮೀಟರ್‌ನಷ್ಟು ಹೋಗುತ್ತದೆ, ಆಂಪ್ಲಿಫೈಯರ್ ಕೋಣೆಯ ಆ ಕಡೆ ಇದ್ದ ಹಾಗೆ. ಹಾಡುವವರ ಕಷ್ಟ ಬೇರೆ. ಅವರ ದನಿ ಅವರ ತಲೆಬುರುಡೆಯ ಮೂಳೆಯ ಮೂಲಕ ಆ ಕ್ಷಣವೇ ಕಿವಿಗೆ ಮುಟ್ಟಿರುತ್ತದೆ. ಹೆಡ್‌ಫೋನಿನ ದನಿ ಅದರ ಮೇಲೆ ಬಂದು ಬೀಳುತ್ತದೆ. ತಡ ತೀರಾ ಕಡಿಮೆ ಇದ್ದರೂ ದನಿ ಟೊಳ್ಳಾಗಿ ಕೇಳುತ್ತದೆ. ಗಮಕ ಹಿಡಿಯಲು ಹೋದವರು ಶ್ರುತಿಯ ಬಗ್ಗೆಯೇ ಅನುಮಾನ ಪಡುವಂತಾಗುತ್ತದೆ. ನಿಮ್ಮ ಗಂಟಲಿಗೆ ಏನೂ ಆಗಿಲ್ಲ, ದಯವಿಟ್ಟು ಗಾಬರಿಯಾಗಬೇಡಿ.

ಬಫರನ್ನು 64, 32 ಅಂತ ಇಳಿಸುತ್ತಾ ಹೋಗುವುದು ಇದಕ್ಕೆ ಮದ್ದಲ್ಲ. ಪ್ರೊಸೆಸರ್‌ಗೆ ಉಸಿರು ಸಿಗದೆ ಚಟಪಟ ಸದ್ದು ಶುರುವಾಗುತ್ತದೆ, ಅದು ರೆಕಾರ್ಡಿಂಗ್‌ನಲ್ಲೂ ಉಳಿದುಬಿಡಬಹುದು. ನಿಜವಾದ ಉಪಾಯ ನಿಮ್ಮ ಸ್ಕಾರ್ಲೆಟ್ ಮೇಲೇ ಇದೆ: ಡೈರೆಕ್ಟ್ ಮಾನಿಟರ್. ಅದನ್ನು ಆನ್ ಮಾಡಿದರೆ ಮೈಕಿನ ಸದ್ದು ಲ್ಯಾಪ್‌ಟಾಪಿಗೆ ಹೋಗಿ ಬರುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಜೊತೆಗೆ ರೀಪರ್‌ನಲ್ಲಿ ನಿಮ್ಮ ದನಿಯ ಟ್ರ್ಯಾಕ್‌ನ ಮಾನಿಟರಿಂಗ್ ಗುಂಡಿಯನ್ನು ಆಫ್ ಮಾಡಿ. ಎರಡೂ ಆನ್ ಇದ್ದರೆ ನಿಮ್ಮ ದನಿ ಎರಡೆರಡು ಸಲ ಕೇಳುತ್ತದೆ. ಇದೊಂದನ್ನು ಸರಿಮಾಡಿಕೊಂಡ ಮೇಲೆ ತಡದ ದೂರು ಹೇಳುವವರು ಕಡಿಮೆ.

ಹಾಗೆ ಕೇಳಿಸಿಕೊಂಡು ಹಾಡಿದರೆ ರೆಕಾರ್ಡಿಂಗ್ ತಡವಾಗಿ ಕೂರುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಇಲ್ಲ. ತಡ ಎಷ್ಟು ಅಂತ ಡ್ರೈವರ್ ರೀಪರ್‌ಗೆ ಹೇಳಿರುತ್ತದೆ, ರೀಪರ್ ಅಷ್ಟು ಹಿಂದಕ್ಕೆ ಸರಿಸಿ ಜಾಗಕ್ಕೆ ಕೂರಿಸುತ್ತದೆ.

ಡೈರೆಕ್ಟ್ ಮಾನಿಟರ್‌ನ ಒಂದೇ ಕೊರತೆ, ದನಿ ಒಣಗಿದಂತೆ ಕೇಳುವುದು. ರಿವರ್ಬ್, ಅಂದರೆ ಸಭಾಂಗಣದಂಥ ಗುಂಗು, ಇಲ್ಲದೆ ಹಾಡಲು ಮನಸ್ಸೇ ಬರುವುದಿಲ್ಲ, ಅಲ್ವಾ? ಇದಕ್ಕೂ ದಾರಿ ಇದೆ. ಟ್ರ್ಯಾಕ್‌ಗೆ ರೀಪರ್‌ನ ಜೊತೆಯಲ್ಲೇ ಬರುವ ರೀವರ್ಬೇಟ್ ಎಂಬ ಎಫೆಕ್ಟ್ ಹಾಕಿ. ಅದರಲ್ಲಿ ಡ್ರೈ (ನೇರ ದನಿ) ಪೂರ್ತಿ ಇಳಿಸಿ, ವೆಟ್ (ಗುಂಗು) ಮಾತ್ರ ಉಳಿಸಿ. ಈಗ ಮಾನಿಟರಿಂಗ್ ಗುಂಡಿ ಮತ್ತೆ ಆನ್ ಮಾಡಿ. ನಿಮ್ಮ ನೇರ ದನಿ ಸ್ಕಾರ್ಲೆಟ್‌ನಿಂದ ತಡವಿಲ್ಲದೆ ಬರುತ್ತದೆ, ಅದರ ಗುಂಗು ಮಾತ್ರ ಕಂಪ್ಯೂಟರ್‌ನಿಂದ ಬರುತ್ತದೆ. ಗುಂಗು ಹತ್ತು ಮಿಲಿಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ನಿಜವಾದ ಸಭಾಂಗಣದಲ್ಲೂ ಅದು ತಡವಾಗಿಯೇ ಬರುವುದು. ಟ್ರ್ಯಾಕ್ ಮೇಲೆ ಹಾಕಿದ ಎಫೆಕ್ಟ್ ರೆಕಾರ್ಡ್ ಆಗುವ ಫೈಲಿಗೆ ಸೇರುವುದಿಲ್ಲ, ಅದು ಒಣದನಿಯಾಗಿಯೇ ಉಳಿಯುತ್ತದೆ. ವಾಪಸ್ ಕೇಳುವ ಮೊದಲು ಡ್ರೈಯನ್ನು ಮತ್ತೆ ಏರಿಸಿಕೊಳ್ಳಿ. ಹಾಡುವವರಿಗೆ ನಾನು ಒಂದೇ ಒಂದು ಸಲಹೆ ಕೊಡಬಹುದು ಅಂದರೆ ಇದನ್ನೇ ಕೊಡುತ್ತೇನೆ.

ದನಿ ಎಡಗಿವಿಯಲ್ಲಿ ಮಾತ್ರ ಬರುತ್ತಿದ್ದರೆ ಡೈರೆಕ್ಟ್ ಮಾನಿಟರ್ ಸ್ಟೀರಿಯೊದಲ್ಲಿದೆ. ಮೊನೊಗೆ ಬದಲಿಸಿ. ಟ್ರ್ಯಾಕ್‌ನ ಇನ್‌ಪುಟ್ ಕೂಡ ಮೊನೊ, ಇನ್‌ಪುಟ್ 1 ಅಂತಲೇ ಇರಲಿ. ಕರೆಂಟ್ ಬೇಡುವ ಕಂಡೆನ್ಸರ್ ಮೈಕ್ ಆದರೆ 48 ವೋಲ್ಟ್ ಗುಂಡಿ ಒತ್ತಬೇಕು.

ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಸ್ಯಾಂಪಲ್ ರೇಟನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ವಿಡಿಯೊಗೆ ಹೋಗುವ ಹಾಡಾದರೆ 48 ಕಿಲೋಹರ್ಟ್ಜ್ ಇಟ್ಟು ಮರೆತುಬಿಡಿ. ಸಾಫ್ಟ್‌ವೇರ್ ಒಂದು ರೇಟ್ ಅಂದುಕೊಂಡು, ಸಲಕರಣೆ ಇನ್ನೊಂದು ರೇಟಿನಲ್ಲಿ ಓಡಿದರೆ ಶ್ರುತಿಯೇ ಕೆಡುತ್ತದೆ. 48ರಲ್ಲಿ ಹಾಡಿದ್ದು 44.1ರಲ್ಲಿ ಓಡಿದರೆ, ಕಪ್ಪು ಒಂದರಲ್ಲಿ ಹಾಡಿದ ಹಾಡು ಬಿಳಿ ಒಂದಕ್ಕಿಂತಲೂ ಕೆಳಗೆ ಇಳಿಯುತ್ತದೆ, ಲಯವೂ ನಿಧಾನವಾಗುತ್ತದೆ.

ಈಗ ಎಕ್ಸ್-ಟಚ್‌ನ ತಂತಿ ಸಿಕ್ಕಿಸಿ. ರೀಪರ್ ಮುಚ್ಚಿರಲಿ. ಫೇಡರ್‌ಗಳಿಗೆ ಮೋಟಾರ್ ಇರುವುದರಿಂದ ಇದಕ್ಕೆ ಬೇರೆಯೇ ಕರೆಂಟ್ ಬೇಕು. ಯುಎಸ್‌ಬಿಯಿಂದ ಸಿಗುವುದು ಸಾಲುವುದಿಲ್ಲ.

ಮೊದಲ ಚಾನಲ್‌ನ ಸೆಲೆಕ್ಟ್ ಗುಂಡಿಯನ್ನು ಒತ್ತಿ ಹಿಡಿದು ಪವರ್ ಆನ್ ಮಾಡಿ. ಚಿಕ್ಕ ಪರದೆಗಳ ಮೇಲೆ ಎರಡು ವಿಷಯ ಕಾಣುತ್ತವೆ: ಯಾವ ಭಾಷೆಯಲ್ಲಿ ಮಾತಾಡಬೇಕು, ಯಾವ ತಂತಿಯಲ್ಲಿ ಮಾತಾಡಬೇಕು. ಭಾಷೆ ಎಂಸಿ ಅಂತ ಇರಬೇಕು, ಅಂದರೆ ಮ್ಯಾಕಿ ಕಂಟ್ರೋಲ್. ತಂತಿ ಯುಎಸ್‌ಬಿ ಅಂತ ಇರಬೇಕು. ಇದು ನೆಟ್‌ವರ್ಕ್ ಅಂತ ಉಳಿದುಬಿಟ್ಟಿದ್ದರೆ ನೀವು ರೀಪರ್‌ನಲ್ಲಿ ಏನೇ ತಿರುಗಿಸಿದರೂ ಫೇಡರ್ ಅಲ್ಲಾಡುವುದಿಲ್ಲ. ಎಚ್‌ಯುಐ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದು ಪ್ರೊ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ.

ಈಗ ರೀಪರ್ ತೆರೆಯಿರಿ. ಪ್ರಿಫರೆನ್ಸಸ್‌ನಲ್ಲಿ ಕಂಟ್ರೋಲ್/ಒಎಸ್‌ಸಿ/ವೆಬ್ ಎಂಬ ಪುಟಕ್ಕೆ ಹೋಗಿ ಆ್ಯಡ್ ಒತ್ತಿ. ಮ್ಯಾಕಿ ಕಂಟ್ರೋಲ್ ಯೂನಿವರ್ಸಲ್ ಆರಿಸಿ. ಕೆಳಗೆ ಮಿಡಿ ಇನ್‌ಪುಟ್, ಮಿಡಿ ಔಟ್‌ಪುಟ್ ಅಂತ ಎರಡು ಜಾಗ ಇವೆ. ಎರಡರಲ್ಲೂ ಎಕ್ಸ್-ಟಚ್ ಆರಿಸಬೇಕು. ಜನ ಎಡವುವುದು ಇಲ್ಲೇ. ಇನ್‌ಪುಟ್ ಮಾತ್ರ ಆರಿಸಿದರೆ ನೀವು ಫೇಡರ್ ಎಳೆದಾಗ ಪರದೆಯ ಫೇಡರ್ ಓಡಾಡುತ್ತದೆ, ಆದರೆ ಪರದೆಯಲ್ಲಿ ಎಳೆದರೆ ಕೈಕೆಳಗಿನ ಫೇಡರ್ ಕದಲುವುದಿಲ್ಲ. ಸುದ್ದಿ ವಾಪಸ್ ಬರಲು ದಾರಿಯೇ ಇಲ್ಲವಲ್ಲ. ಪಟ್ಟಿಯಲ್ಲಿ ಎಕ್ಸ್-ಟಚ್ ಎರಡು ಹೆಸರಿನಲ್ಲಿ ಕಂಡರೆ ಇಂಟ್ ಅನ್ನುವುದನ್ನು ಆರಿಸಿ. ಎಕ್ಸ್ಟ್ ಅನ್ನುವುದು ಅದರ ಹಿಂಬದಿಯ ಮಿಡಿ ಕಿಂಡಿಗಳಿಗೆ.

ಅಲ್ಲೇ ಇನ್ನೊಂದು ಕೆಲಸ. ಮಿಡಿ ಸಲಕರಣೆಗಳ ಪಟ್ಟಿ ಇರುವ ಪುಟದಲ್ಲಿ ಎಕ್ಸ್-ಟಚ್ ಅನ್ನು ಆಫ್ ಮಾಡಿ. ಅದನ್ನು ಅಲ್ಲಿ ಕೀಬೋರ್ಡಿನ ಥರ ಆನ್ ಇಟ್ಟರೆ ಫೇಡರ್ ಎಳೆತಗಳೆಲ್ಲ ಮಿಡಿ ಟ್ರ್ಯಾಕ್‌ಗಳ ಒಳಗೆ ನುಗ್ಗಿ ರೆಕಾರ್ಡ್ ಆಗುತ್ತವೆ.

ಇಷ್ಟಾದರೂ ಕೆಲಸ ಮಾಡದಿದ್ದರೆ ಬೇರೆ ಯಾವುದಾದರೂ ಸಂಗೀತದ ಸಾಫ್ಟ್‌ವೇರ್ ತೆರೆದಿದೆಯೇ ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಡಿ ಪೋರ್ಟನ್ನು ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರ್ ಹಿಡಿದುಕೊಳ್ಳುತ್ತದೆ. ಪ್ರತಿದಿನ ಬೇರೆ ಬೇರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಬೇಡಿ, ವಿಂಡೋಸ್ ಅದನ್ನು ಹೊಸ ಸಲಕರಣೆ ಅಂದುಕೊಂಡು ಹೆಸರು ಬದಲಿಸಬಹುದು. ಸರ್ಫೇಸ್ ಮೊದಲು ಆನ್ ಮಾಡಿ, ರೀಪರ್ ಆಮೇಲೆ.

ಫೇಡರ್ ಓಡಲು ಶುರುವಾದ ಮೇಲೆ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಒಂಬತ್ತನೇ ಟ್ರ್ಯಾಕ್ ಎಲ್ಲಿ? ಮ್ಯಾಕಿ ಪದ್ಧತಿಯಲ್ಲಿ ಒಂದು ಸರ್ಫೇಸ್‌ಗೆ ಎಂಟು ಟ್ರ್ಯಾಕ್, ಪಕ್ಕದ ಒಂಬತ್ತನೇ ಫೇಡರ್ ಮಾಸ್ಟರ್‌ಗೆ. ಬ್ಯಾಂಕ್ ಗುಂಡಿ ಒತ್ತಿದರೆ ಮುಂದಿನ ಎಂಟು ಬರುತ್ತವೆ.

ಸದ್ದು ಸೀಳುತ್ತಿದೆ, ಫೇಡರ್ ಇಳಿಸಿದರೂ ಸೀಳುತ್ತದೆ ಎಂಬುದು ಇನ್ನೊಂದು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಸರ್ಫೇಸ್‌ನ ಫೇಡರ್ ರೆಕಾರ್ಡಿಂಗ್ ಮಟ್ಟವನ್ನು ಮುಟ್ಟುವುದೇ ಇಲ್ಲ. ಅದು ಟ್ರ್ಯಾಕ್ ಎಷ್ಟು ಜೋರಾಗಿ ಕೇಳಬೇಕು ಅನ್ನುವುದನ್ನಷ್ಟೇ ನೋಡಿಕೊಳ್ಳುತ್ತದೆ. ಮೈಕಿನಿಂದ ಎಷ್ಟು ಒಳಗೆ ಬರಬೇಕು ಅನ್ನುವುದು ಸ್ಕಾರ್ಲೆಟ್‌ನ ಗೇನ್ ತಿರುಗಣೆಯ ಕೆಲಸ. ಅದರ ಸುತ್ತ ಕೆಂಪು ದೀಪ ಬಂದರೆ ಸದ್ದು ಆಗಲೇ ಸೀಳಿದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ನಿಮ್ಮ ಹಾಡಿನ ಅತಿ ಜೋರಾದ ಸಾಲನ್ನು ಹಾಡಿ, ರೀಪರ್‌ನ ಮೀಟರ್ ಮೈನಸ್ 12 ಡಿಬಿ ಹತ್ತಿರ ಮುಟ್ಟುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಇದು ಧಾರಾಳ ಸಾಕು. ಪೂರ್ತಿ ಮೇಲಕ್ಕೆ ಮುಟ್ಟಿಸಲೇಬೇಕು ಎಂಬ ಹಟ ಬೇಡ.

ಇನ್ನೂ ಸರ್ಫೇಸ್ ಕೊಂಡಿಲ್ಲದವರು ಈ ಪ್ರಶ್ನೆ ಓದುತ್ತಿದ್ದರೆ ಅವರಿಗೊಂದು ಮಾತು. ಒಬ್ಬರೇ ಹಾಡಿ, ಎರಡು ಮೂರು ಟ್ರ್ಯಾಕ್ ಮಾತ್ರ ಇರುವವರಿಗೆ ಮೋಟಾರ್ ಫೇಡರ್ ಬೇಕಿಲ್ಲ, ಮೌಸ್ ಸಾಕು. ಆ ದುಡ್ಡನ್ನು ಮೈಕಿಗೆ, ಕೋಣೆಯ ಗೋಡೆಗಳಿಂದ ಸದ್ದು ಪುಟಿಯದಂತೆ ಮಾಡಲು ಹಾಕಿ. ಭಾಗವತರು, ಚಂಡೆ, ಮದ್ದಳೆ, ಚಕ್ರತಾಳ ಅಂತ ಹಿಮ್ಮೇಳವನ್ನೆಲ್ಲ ಬೇರೆ ಬೇರೆ ಮೈಕಿನಲ್ಲಿ ಹಿಡಿದು ಮಿಕ್ಸ್ ಮಾಡುವವರಿಗೆ ಮಾತ್ರ ಹತ್ತು ಬೆರಳೂ ಕೆಲಸಕ್ಕೆ ಬರುತ್ತವೆ. ಆದರೆ ಅಷ್ಟು ಮೈಕ್‌ಗಳಿಗೆ 2ಐ2ನ ಎರಡು ಇನ್‌ಪುಟ್ ಸಾಲುವುದಿಲ್ಲ, ಇಂಟರ್‌ಫೇಸೇ ದೊಡ್ಡದು ಬೇಕು. ಕೋರ್ಗ್ ನ್ಯಾನೊಕಂಟ್ರೋಲ್2ನಂಥ ಮೋಟಾರ್ ಇಲ್ಲದ ಚಿಕ್ಕ ಸರ್ಫೇಸ್‌ಗಳೂ ಸಿಗುತ್ತವೆ. ಅದರ ಫೇಡರ್ ಕೆಳಗಿದ್ದು ಪರದೆಯ ಫೇಡರ್ ಮೇಲಿದ್ದರೆ, ಮುಟ್ಟಿದ ಕೂಡಲೇ ಸದ್ದು ಧಡ್ ಅಂತ ಜಿಗಿಯಬಹುದು.

ಕೊನೆಗೆ, ಫೇಡರ್ ಎಳೆದು ಬಿಟ್ಟ ಕೂಡಲೇ ತಾನೇ ವಾಪಸ್ ಹೋಗುತ್ತಿದ್ದರೆ ಸಲಕರಣೆ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಟ್ರ್ಯಾಕ್‌ನಲ್ಲಿ ಆಟೊಮೇಷನ್ (ಫೇಡರ್ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬ ದಾಖಲೆ) ಬರೆದಿದೆ, ಟ್ರ್ಯಾಕ್ ರೀಡ್ ಸ್ಥಿತಿಯಲ್ಲಿದೆ. ಬರೆದದ್ದನ್ನು ಅದು ಓದಿ ಹೇಳುತ್ತಿದೆ ಅಷ್ಟೇ. ಬದಲಿಸಬೇಕಿದ್ದರೆ ಟಚ್ ಸ್ಥಿತಿಗೆ ಹಾಕಿ. ಬೆರಳು ಫೇಡರ್ ಮೇಲೆ ಇರುವಷ್ಟು ಹೊತ್ತು ಹೊಸದು ಬರೆಯುತ್ತದೆ, ಬೆರಳು ತೆಗೆದರೆ ಹಳೆಯದಕ್ಕೆ ಮರಳುತ್ತದೆ. ಬರಿ ಬೆರಳಿನಿಂದಲೇ ಹಿಡಿಯಿರಿ, ಪೆನ್ನಿನ ತುದಿಯಿಂದ ನೂಕಿದರೆ ಫೇಡರ್‌ಗೆ ಸ್ಪರ್ಶ ಗೊತ್ತಾಗದೆ ಮೋಟಾರ್ ನಿಮ್ಮ ಜೊತೆ ಗುದ್ದಾಡುತ್ತದೆ. ರೈಟ್ ಸ್ಥಿತಿಯನ್ನು ಬೇಕಾದಾಗ ಮಾತ್ರ ಬಳಸಿ, ಕೆಲಸ ಮುಗಿದ ಕೂಡಲೇ ರೀಡ್‌ಗೆ ತನ್ನಿ. ರೈಟ್‌ನಲ್ಲೇ ಬಿಟ್ಟು ಪ್ಲೇ ಒತ್ತಿದರೆ, ಹಾಡು ಓಡಿದಷ್ಟು ಭಾಗದಲ್ಲಿ ಹಿಂದೆ ಬರೆದಿದ್ದೆಲ್ಲ ಅಳಿಸಿಹೋಗುತ್ತದೆ.