ಏಳರ ಕಾಟ

ಏಳು ವರ್ಷಗಳಿಂದ ಒಂದು ಅಂಕಿ ತನ್ನ ಬೆನ್ನು ಬಿಡದೆ ಕಾಡುತ್ತಿದೆ ಎಂದು ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ, ಅದೂ ಗಂಭೀರ ಸಂಶೋಧನಾ ಪತ್ರಿಕೆಯೊಂದರಲ್ಲಿ, ದೂರಿಕೊಂಡರು. ಕಾಡುತ್ತಿದ್ದ ಅಂಕಿಯೂ ಏಳೇ. ಒಮ್ಮೆ ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಿ ಎಂದರೆ ಹೆಚ್ಚಿನವರು ಏಳರ ಆಸುಪಾಸಿನಲ್ಲಿ ಮುಗ್ಗರಿಸುತ್ತಾರೆ. ಮಿಲ್ಲರ್ ಅರ್ಧ ತಮಾಷೆಯಲ್ಲೇ ಬರೆದಿದ್ದರು. ಜಗತ್ತಿನ ಏಳು ಅದ್ಭುತಗಳು, ವಾರದ ಏಳು ದಿನಗಳು ಎಂದೆಲ್ಲ ಎಣಿಸಿ, ಇದು ಬರಿಯ ಕಾಕತಾಳೀಯವೇ ಇರಬೇಕೆಂಬ ಗುಮಾನಿಯೊಂದಿಗೆ ಮುಗಿಸಿದ್ದರು. ತಮಾಷೆ ಮರೆತುಹೋಯಿತು, ಏಳು ಪಠ್ಯಪುಸ್ತಕ ಸೇರಿತು. ಅದಕ್ಕಿಂತ ಬೆಲೆಬಾಳುವ ಮಾತು ಅದೇ ಲೇಖನದಲ್ಲಿತ್ತು: ಲೆಕ್ಕಕ್ಕೆ ಬರುವುದು ಅಂಕಿಗಳಲ್ಲ, ಗಂಟುಗಳು.

191419451969. ಹನ್ನೆರಡು ಅಂಕಿಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಅರ್ಧ ದಾರಿಯಲ್ಲೇ ಕೈಜಾರುತ್ತವೆ. ಮೊದಲ ಮಹಾಯುದ್ಧ ಶುರುವಾದ ವರ್ಷ, ಎರಡನೆಯದು ಮುಗಿದ ವರ್ಷ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಎಂದು ಹೊಳೆದರೆ ಉಳಿಯುವುದು ಮೂರೇ ಗಂಟು.

ನೆನಪಿನಲ್ಲಿ ಹಿಡಿದದ್ದು ನಿಲ್ಲುವುದೂ ನಾವು ಅದನ್ನು ಒಳಗೊಳಗೇ ಗುನುಗುತ್ತಿರುವಷ್ಟು ಹೊತ್ತು. 1959ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ಸನ್ ದಂಪತಿ ಮೂರು ವ್ಯಂಜನಗಳನ್ನು ಕೇಳಿಸಿ, ಗುನುಗಲು ಬಿಡುವು ಸಿಗದಂತೆ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ಬಹುಪಾಲು ಅಳಿಸಿಹೋಗಿತ್ತು. ಬ್ರಿಟನ್ನಿನ ಆಲನ್ ಬ್ಯಾಡ್ಲೀ ಮತ್ತು ಸಂಗಡಿಗರು 1975ರಲ್ಲಿ ಈ ಗುನುಗಿಗೆ ಅಳತೆ ಕೊಟ್ಟರು: ಸುಮಾರು ಎರಡು ಸೆಕೆಂಡಿನಲ್ಲಿ ಎಷ್ಟನ್ನು ಉಚ್ಚರಿಸಬಹುದೋ ಅಷ್ಟು ನೆನಪಿನಲ್ಲಿ ನಿಲ್ಲುತ್ತದೆ. ಹಾಗಾದರೆ ಭಾಷೆಯೂ ಲೆಕ್ಕಕ್ಕೆ ಬರಬೇಕಲ್ಲ? ಬರುತ್ತದೆ. ವೇಲ್ಸ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿನವಕ್ಕಿಂತ ಹೆಚ್ಚು ಹೊತ್ತು ಬೇಕು. ಎರಡೂ ಭಾಷೆ ಬಲ್ಲವರು ವೇಲ್ಸ್ ಭಾಷೆಯಲ್ಲಿ ಕಡಿಮೆ ಅಂಕಿಗಳನ್ನು ನೆನಪಿಟ್ಟರೆಂದು 1980ರ ಅಧ್ಯಯನವೊಂದು ತೋರಿಸಿತು. ಬುದ್ಧಿಯ ಕೊರತೆಯಲ್ಲ, ಬಾಯಿಯ ವೇಗ. (ಕನ್ನಡದ ಒಂದು, ಎರಡು, ಒಂಬತ್ತು, ಸೊನ್ನೆಗಳನ್ನು ಹೇಳಿ ನೋಡಿ, ಒಂದೇ ಅಕ್ಷರದ ಅಂಕಿ ನಮ್ಮಲ್ಲಿ ಒಂದೂ ಇಲ್ಲ.)

ಗುನುಗುವುದನ್ನೂ ಗಂಟು ಕಟ್ಟುವುದನ್ನೂ ತಡೆದರೆ ಉಳಿಯುವುದೆಷ್ಟು? ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಹತ್ತಾರು ಪ್ರಯೋಗಗಳನ್ನು ಜಾಲಾಡಿ ಹೇಳಿದ್ದು, ಸುಮಾರು ನಾಲ್ಕು.

ಇಷ್ಟು ಸಣ್ಣ ಜಾಗದಲ್ಲಿ ಏನೆಲ್ಲ ತುರುಕಬಹುದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. ಸಂಶೋಧಕರು ಸೆಕೆಂಡಿಗೊಂದರಂತೆ ಅಂಕಿ ಓದುವರು, ಅವನು ಒಪ್ಪಿಸುವನು. ಸರಿಯಾದರೆ ಮುಂದಿನ ಸಾಲಿಗೆ ಇನ್ನೊಂದು ಅಂಕಿ ಸೇರುವುದು. ಆರಂಭದಲ್ಲಿ ಅವನೂ ಎಲ್ಲರಂತೆ ಏಳರಲ್ಲೇ ನಿಂತ. ಒಂದೂವರೆ ವರ್ಷಕ್ಕೂ ಮೀರಿ, ಒಟ್ಟು 230 ಗಂಟೆಗಳಷ್ಟು ಅಭ್ಯಾಸವಾದಾಗ 79 ಅಂಕಿಗಳಿಗೆ ಮುಟ್ಟಿದ್ದ. ಅವನು ದೂರ ಓಟಗಾರ. 3492 ಎಂದೊಡನೆ ಅವನಿಗೆ ಕಾಣುತ್ತಿದ್ದದ್ದು 3 ನಿಮಿಷ 49.2 ಸೆಕೆಂಡು, ಮೈಲಿ ಓಟದ ಆಗಿನ ವಿಶ್ವದಾಖಲೆಯ ಹತ್ತಿರದ ಸಮಯ. ಓಟಕ್ಕೆ ಹೊಂದದ 893 ಬಂದರೆ 89.3 ವರ್ಷದ ಹಣ್ಣು ಹಣ್ಣು ಮುದುಕ. ಅಂಥ ಗಂಟುಗಳನ್ನು ಮೂರು ನಾಲ್ಕರಂತೆ ಸೇರಿಸಿ ದೊಡ್ಡ ಗಂಟು ಕಟ್ಟುತ್ತಿದ್ದ.

ಒಮ್ಮೆ ಅಂಕಿಗಳ ಬದಲು ವ್ಯಂಜನಗಳನ್ನು ಓದಿದರು. ಅವನು ಒಪ್ಪಿಸಿದ್ದು ಆರು.