ಮಂಡಿನೋವಿಗೆ ಅರಿಶಿನ ಮತ್ತು ಶಲ್ಲಕಿ: ನೋವು ಇಳಿದ ಮಾತ್ರಕ್ಕೆ ಸವೆದ ಕೀಲು ಸರಿಹೋದೀತೇ?

ಐವತ್ತು ದಾಟಿದವರಿರುವ ಎಷ್ಟೋ ಮನೆಗಳಲ್ಲಿ ಈಗ ಬಿಪಿ ಮಾತ್ರೆಯ ಪಕ್ಕದಲ್ಲಿ ಅರಿಶಿನದ ಸಾರವನ್ನೋ ಶಲ್ಲಕಿಯ ಸಾರವನ್ನೋ ತುಂಬಿದ ಕ್ಯಾಪ್ಸೂಲಿನ ಡಬ್ಬಿಯೂ ಇರುತ್ತದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾದ, ನೆಲದ ಮೇಲೆ ಕೂತರೆ ಏಳಲು ಗೋಡೆಯ ಆಸರೆ ಬೇಕಾದ ಸ್ಥಿತಿಗೆ ಬಂದವರು, ನೋವಿನ ಮಾತ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಒಳ್ಳೆಯದಲ್ಲವೆಂದು ಕೇಳಿ ಗಿಡಮೂಲಿಕೆಯ ಕಡೆಗೆ ತಿರುಗುವುದು ಸಹಜವಾಗಿದೆ. ಅವರಿಗೆ ಸಿಗಬೇಕಾದದ್ದು ಹೊಗಳಿಕೆಯೂ ಅಲ್ಲ, ತಿರಸ್ಕಾರವೂ ಅಲ್ಲ. ಪ್ರಯೋಗಗಳಲ್ಲಿ ನಿಜವಾಗಿ ಏನು ಕಂಡಿದೆ ಎಂಬ ವಿವರ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಅಸ್ಥಿಸಂಧಿವಾತವಿತ್ತು. ಅದು ಅತಿ ಹೆಚ್ಚಾಗಿ ಕಾಡುವುದು ಮಂಡಿಯನ್ನು. ನಾವು ಇದನ್ನು 'ಮಂಡಿ ಸವೆದಿದೆ' ಎಂದು ಹೇಳುತ್ತೇವೆ. ಆದರೆ ಸವೆಯುವ ಮೃದ್ವಸ್ಥಿಯಲ್ಲಿ, ಅಂದರೆ ಮೂಳೆಯ ತುದಿಯನ್ನು ಹೊದಿಸಿರುವ ನುಣುಪಾದ ಪದರದಲ್ಲಿ, ನರಗಳೇ ಇಲ್ಲ, ರಕ್ತನಾಳಗಳೂ ಇಲ್ಲ. ನೋವು ಹುಟ್ಟುವುದು ಅದರ ಕೆಳಗಿನ ಮೂಳೆಯಲ್ಲಿ, ಕೀಲನ್ನು ಒಳಗಿನಿಂದ ಆವರಿಸಿ ದ್ರವವನ್ನು ಸ್ರವಿಸುವ ತೆಳುಪೊರೆಯಲ್ಲಿ ಮತ್ತು ಸುತ್ತಲಿನ ಅಂಗಾಂಶಗಳಲ್ಲಿ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ಕೀಲು ತುಂಬ ಹಾಳಾಗಿ ಕಂಡವರಿಗೂ ಕೆಲವೊಮ್ಮೆ ನೋವು ಕಡಿಮೆ ಇರುತ್ತದೆ. ನೋವನ್ನು ತಗ್ಗಿಸುವುದು ಒಂದು ಕೆಲಸ, ಸವೆದದ್ದನ್ನು ಮತ್ತೆ ಬೆಳೆಸುವುದು ಇನ್ನೊಂದು ಕೆಲಸ. ಜಾಹೀರಾತುಗಳು ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತವೆ.

ಶಲ್ಲಕಿ ಎಂದರೆ ಮಧ್ಯಭಾರತದ ಒಣ ಕಾಡುಗಳಲ್ಲಿ ಬೆಳೆಯುವ ಒಂದು ಮರ. ತೊಗಟೆಯನ್ನು ಕೆತ್ತಿದಾಗ ಒಸರುವ ಅದರ ಅಂಟನ್ನು ಧೂಪಕ್ಕೂ ಬಳಸುತ್ತಾರೆ. ಆಯುರ್ವೇದದ ಗುಗ್ಗುಳು ಇದಲ್ಲ; ಅದು ರಾಜಸ್ಥಾನ, ಗುಜರಾತಿನ ಒಣನೆಲದ ಬೇರೊಂದು ಗಿಡದ ಅಂಟು. ಶಲ್ಲಕಿಯ ಅಂಟಿಗೆ ಉರಿಯೂತವನ್ನು ತಗ್ಗಿಸುವ ಗುಣವಿದೆಯೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 1986ರಲ್ಲಿ ಪ್ರಕಟಿಸಿದರು. ಐಬುಪ್ರೊಫೆನ್‌ನಂಥ ಮಾತ್ರೆಗಳು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಜಠರದ ಒಳಪದರವನ್ನು ಕಾಯುವ ರಾಸಾಯನಿಕಗಳೂ ಅದೇ ಕಿಣ್ವದಿಂದ ತಯಾರಾಗುವುದರಿಂದ ನೋವಿನ ಜೊತೆಗೆ ಆ ರಕ್ಷಣೆಯೂ ಕುಗ್ಗುತ್ತದೆ. ಶಲ್ಲಕಿಯಲ್ಲಿರುವ ಬಾಸ್ವೆಲಿಕ್ ಆಮ್ಲಗಳು ಪ್ರಯೋಗಾಲಯದಲ್ಲಿ ಲಿಪಾಕ್ಸಿಜನೇಸ್ ಎಂಬ ಬೇರೊಂದು ಕಿಣ್ವವನ್ನು ತಡೆಯುವುದು ಕಂಡದ್ದರಿಂದ ಅದರ ಮೇಲೆ ಆಸಕ್ತಿ ಮೂಡಿತು.

2003ರಲ್ಲಿ ನಾಗಪುರದ ವೈದ್ಯರು ಮಂಡಿಯ ಅಸ್ಥಿಸಂಧಿವಾತವಿದ್ದ 30 ಮಂದಿಗೆ ಎಂಟು ವಾರ ಶಲ್ಲಕಿ ಸಾರವನ್ನೂ ಎಂಟು ವಾರ ಹುಸಿಗುಳಿಗೆಯನ್ನೂ (ಔಷಧವಿಲ್ಲದ, ನೋಡಲು ಅದರಂತೆಯೇ ಇರುವ ಗುಳಿಗೆ), ಯಾವುದು ಯಾವುದೆಂದು ತಿಳಿಸದೆ, ಅದಲುಬದಲಾಗಿ ಕೊಟ್ಟರು. ಶಲ್ಲಕಿಯ ಅವಧಿಯಲ್ಲಿ ನೋವು ಇಳಿಯಿತು, ಮಂಡಿ ಮಡಿಸುವುದು ಸುಲಭವಾಯಿತು, ನಡೆಯಬಲ್ಲ ದೂರ ಹೆಚ್ಚಿತು. ಎಕ್ಸ್‌ರೇ ಚಿತ್ರದಲ್ಲಿ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ. ಲೋಕದ ಬೇರೆ ಬೇರೆ ಕಡೆ ನಡೆದ ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ದಿನಕ್ಕೆ 100 ಮಿಲಿಗ್ರಾಂ ಸಾಂದ್ರ ಸಾರವನ್ನು 90 ದಿನ ತೆಗೆದುಕೊಂಡವರ ನೋವು, ನೂರು ಅಂಕಗಳ ಅಳತೆಯಲ್ಲಿ ಹುಸಿಗುಳಿಗೆಯವರಿಗಿಂತ 17 ಅಂಕ ಕಡಿಮೆ ಇತ್ತು. ಇದು ಉಪೇಕ್ಷಿಸುವಂಥ ಇಳಿಕೆಯಲ್ಲ. ಆದರೆ ಪ್ರಯೋಗಗಳು ಚಿಕ್ಕವು, ಕಡಿಮೆ ಅವಧಿಯವು. ಹಲವಕ್ಕೆ ಹಣ ಬಂದದ್ದು ಆ ಉತ್ಪನ್ನವನ್ನು ಮಾರುವವರಿಂದಲೇ.

ಅರಿಶಿನದ ಕಥೆ ಇನ್ನೂ ಸ್ವಾರಸ್ಯವಾಗಿದೆ. 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗವೊಂದರಲ್ಲಿ 367 ಮಂದಿಯ ಪೈಕಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರವನ್ನೂ ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ಅನ್ನೂ ನಾಲ್ಕು ವಾರ ಕೊಟ್ಟಾಗ, ಎರಡೂ ಗುಂಪುಗಳಲ್ಲಿ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಅರಿಶಿನದ ಗುಂಪಿನಲ್ಲಿ ಹೊಟ್ಟೆಯ ತೊಂದರೆ ಕಡಿಮೆ ಇತ್ತು. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ಸಂಶೋಧಕರು, ಮಂಡಿಯಲ್ಲಿ ನೀರು ತುಂಬಿ ಊದಿಕೊಂಡಿದ್ದ 70 ಮಂದಿಗೆ ಅರಿಶಿನದ ಸಾರವನ್ನೋ ಹುಸಿಗುಳಿಗೆಯನ್ನೋ ಕೊಟ್ಟು 12 ವಾರ ಗಮನಿಸಿ, 2020ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅರಿಶಿನದ ಗುಂಪಿನಲ್ಲಿ ನೂರರ ಅಳತೆಯಲ್ಲಿ ಹುಸಿಗುಳಿಗೆಗಿಂತ ಸುಮಾರು 9 ಅಂಕ ಹೆಚ್ಚು ನೋವು ಇಳಿದಿತ್ತು, ಆದರೆ ಎಂಆರ್‌ಐ ಚಿತ್ರದಲ್ಲಿ ಊತವೂ ಮೃದ್ವಸ್ಥಿಯೂ ಎರಡು ಗುಂಪುಗಳಲ್ಲಿ ಒಂದೇ ರೀತಿ ಇದ್ದವು. ನಾಗಪುರದ ಎಕ್ಸ್‌ರೇ ಹೇಳಿದ್ದನ್ನೇ ಟ್ಯಾಸ್ಮೇನಿಯಾದ ಎಂಆರ್‌ಐ ಕೂಡ ಹೇಳಿದಂತಾಯಿತು.

ಹಾಗಾದರೆ ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನ ಸಾಲದೇ ಎಂದು ಹಲವರು ಕೇಳುತ್ತಾರೆ. ಅರಿಶಿನದ ಪುಡಿಯಲ್ಲಿ ಅದರ ಮುಖ್ಯ ಸಕ್ರಿಯ ಅಂಶವಾದ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3ರಷ್ಟು ಮಾತ್ರ. ಒಂದು ಗ್ರಾಂ ಕರ್ಕ್ಯುಮಿನ್ ಬೇಕಾದರೆ 30 ಗ್ರಾಂಗೂ ಹೆಚ್ಚು ಪುಡಿ, ಅಂದರೆ ಸುಮಾರು ಹತ್ತು ಟೀ ಚಮಚ ತಿನ್ನಬೇಕಾಗುತ್ತದೆ. ತಿಂದರೂ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ, ಏಕೆಂದರೆ ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. ಈ ತೊಡಕಿಗೆ ದಾರಿ ಕಂಡದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಖಾರದ ಅಂಶವಾದ ಪೈಪರೀನ್ ಅನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತೆಂದು 1998ರಲ್ಲಿ ವರದಿ ಮಾಡಿದರು. ಇಂದು ಜಗತ್ತಿನೆಲ್ಲೆಡೆ ಮಾರಾಟವಾಗುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರವಿರುವುದಕ್ಕೆ ಈ ಪ್ರಯೋಗವೇ ಮುಖ್ಯ ಆಧಾರ.

ನನಗೆ ಆತಂಕವಿರುವುದು ಇಲ್ಲಿಯೇ. ದೇಹ ಕರ್ಕ್ಯುಮಿನ್ ಅನ್ನು ಹೊರಹಾಕದಂತೆ ತಡೆಯುವ ಪೈಪರೀನ್, ಬೇರೆ ಔಷಧಗಳ ವಿಲೇವಾರಿಯನ್ನೂ ನಿಧಾನಗೊಳಿಸುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಇವುಗಳ ಪ್ರಮಾಣ ರಕ್ತದಲ್ಲಿ ಏರುವುದನ್ನು ಮನುಷ್ಯರಲ್ಲೇ ಅಳೆದು ನೋಡಿದ್ದಾರೆ. ಮಂಡಿನೋವಿನ ವಯಸ್ಸು ಬೇರೆ ಮಾತ್ರೆಗಳ ವಯಸ್ಸೂ ಹೌದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಅರಿಶಿನದ ಕ್ಯಾಪ್ಸೂಲು ಆರಂಭಿಸಿದ ಬಳಿಕ ಅವರ ರಕ್ತ ಅಪಾಯಕಾರಿಯಾಗಿ ತೆಳುವಾದ ಪ್ರಕರಣವನ್ನು ನ್ಯೂಜಿಲೆಂಡಿನ ಔಷಧ ನಿಯಂತ್ರಕರು 2018ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ತಜ್ಞರು ಪರಿಶೀಲಿಸಿದಾಗ ಏಳು ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ವಂಶವಾಹಿಯ ಒಂದೇ ರೂಪ ಕಂಡುಬಂತು, ಒಬ್ಬರು ತೀರಿಕೊಂಡರು. 2023ರಲ್ಲಿ ಆಸ್ಟ್ರೇಲಿಯಾ ಕೂಡ ಯಕೃತ್ತಿನ ಹಾನಿಯ ಬಗ್ಗೆ ಎಚ್ಚರಿಕೆ ನೀಡಿತು. ಇಂಥ ಹಾನಿ ಅಪರೂಪ, ಅಡುಗೆಯ ಅರಿಶಿನಕ್ಕೆ ಸಂಬಂಧಿಸಿದ್ದೂ ಅಲ್ಲ. ಆದರೂ ಕ್ಯಾಪ್ಸೂಲು ತೆಗೆದುಕೊಳ್ಳುವಾಗ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅದನ್ನು ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಇವುಗಳ ಸೇವನೆಯನ್ನು ತಪ್ಪದೆ ತಿಳಿಸಬೇಕು.

ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ 'ವಾತದ ಪುಡಿ'ಗಳದು ಇದಕ್ಕಿಂತ ದೊಡ್ಡ ಅಪಾಯ. ಗಿಡಮೂಲಿಕೆ ಕೆಲಸ ಮಾಡಲು ವಾರಗಟ್ಟಲೆ ಬೇಕು. ಎರಡೇ ದಿನಕ್ಕೆ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿಕೊಂಡು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೆಂದು ಸಂಶಯಪಡಬೇಕು. ತಿಂಗಳುಗಟ್ಟಲೆ ತಿಂದಿದ್ದರೆ ತಾವಾಗಿಯೇ ದಿಢೀರನೆ ಬಿಡುವುದೂ ಅಪಾಯ, ವೈದ್ಯರ ಉಸ್ತುವಾರಿ ಬೇಕು.

ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂಬುದನ್ನು 2005ರಲ್ಲೇ ಅಳೆದು ತೋರಿಸಲಾಗಿದೆ. ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಕ್ಕೆ ಯಾವ ಗಿಡಮೂಲಿಕೆಗಿಂತಲೂ ಗಟ್ಟಿಯಾದ ಪುರಾವೆಯಿದೆ. ಇವುಗಳ ಜೊತೆಗೆ ಶಲ್ಲಕಿಯನ್ನೋ ಅರಿಶಿನವನ್ನೋ ಪರೀಕ್ಷಿಸಬೇಕೆನಿಸಿದವರು ವೈದ್ಯರಿಗೆ ತಿಳಿಸಿ, ಒಮ್ಮೆಗೆ ಒಂದನ್ನೇ ಆರಂಭಿಸಲಿ. ಈ ನೋವು ತಾನಾಗಿಯೇ ಏರಿಳಿಯುವಂಥದ್ದು, ಅದು ವಿಪರೀತವಾದಾಗಲೇ ನಾವು ಹೊಸ ಡಬ್ಬಿ ತರುವುದು. ಆಮೇಲೆ ಸಹಜವಾಗಿ ಇಳಿದದ್ದರ ಕೀರ್ತಿಯೂ ಡಬ್ಬಿಗೇ ಸಲ್ಲುತ್ತದೆ. ಆದ್ದರಿಂದ ಆರಂಭಿಸುವ ಮೊದಲಿನ ಎರಡು ವಾರದಿಂದಲೇ ಮೆಟ್ಟಿಲು ಇಳಿಯುವಾಗಿನ ನೋವಿಗೆ ದಿನವೂ ಹತ್ತಕ್ಕೆ ಇಷ್ಟು ಎಂದು ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು. ಮೂರು ತಿಂಗಳಾದ ಮೇಲೂ ಅಂಕಿ ಕದಲದಿದ್ದರೆ ಆ ಡಬ್ಬಿಯನ್ನು ಮತ್ತೆ ಕೊಳ್ಳಬೇಕಾಗಿಲ್ಲ.