ಶಿಲುಬೆಯ ಅರ್ಥ: ಒಂದು ಸಾವು, ಹಲವು ವಿವರಣೆ

"ಯೇಸು ನಮ್ಮ ಪಾಪಗಳಿಗಾಗಿ ಶಿಲುಬೆಯ ಮೇಲೆ ಸತ್ತನು." ಕ್ರೈಸ್ತ ನಂಬಿಕೆಯ ಬಗ್ಗೆ ಓದುವ ನಾವೆಲ್ಲ ಮೊದಲು ಕಲಿಯುವ ವಾಕ್ಯ ಇದು. ಬಾಯಿಪಾಠ ಮಾಡೋದು ಸುಲಭ. ಆದರೆ ಯಾರಾದರೂ "ಒಬ್ಬ ಸತ್ತರೆ ಇನ್ನೊಬ್ಬನ ಪಾಪ ಹೇಗಪ್ಪಾ ಹೋಗುತ್ತೆ?" ಅಂತ ಕೇಳಿದರೆ ಗಂಟಲು ಕಟ್ಟುತ್ತದೆ. ಸಮಾಧಾನದ ಸಂಗತಿ ಅಂದ್ರೆ, ಇಡೀ ಚರ್ಚು ಒಟ್ಟಾಗಿ ಈ ಪ್ರಶ್ನೆಗೆ ಒಂದೇ ಉತ್ತರ ಗೊತ್ತುಮಾಡಿಲ್ಲ. ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು ಎಂಬುದರ) ಬಗ್ಗೆ 325ರಲ್ಲಿ ನೈಸಿಯದಲ್ಲಿ ಸಭೆ ಕೂತು ತೀರ್ಮಾನ ಮಾಡಿದರು. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು ಎಂಬುದರ ಬಗ್ಗೆ 451ರಲ್ಲಿ ಕಾಲ್ಸೆಡನ್‌ನಲ್ಲಿ ಕೂತರು. ಶಿಲುಬೆ ಹೇಗೆ ಕೆಲಸ ಮಾಡುತ್ತದೆ ಅಂತ ನಿರ್ಧರಿಸಲು ಹಾಗೆ ಯಾರೂ ಕೂರಲಿಲ್ಲ. ಚರ್ಚಿನಲ್ಲಿ ಹೇಳುವ ನಂಬಿಕೆಯ ಹೇಳಿಕೆಯಾದ ವಿಶ್ವಾಸಪ್ರಮಾಣ "ನಮಗಾಗಿ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೆ ಏರಿಸಲ್ಪಟ್ಟನು" ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ.

ಹಾಗಾಗಿ ವಿವರಣೆಗಳಿಂದ ಶುರು ಮಾಡಬೇಡಿ. ಮೊದಲು ಆ ಸಾವು ಎಂಥದ್ದು ಅಂತ ನೋಡೋಣ.

ಅವಮಾನದ ಶಿಕ್ಷೆ

ಶಿಲುಬೆ ಯೆಹೂದ್ಯರದ್ದಲ್ಲ, ರೋಮನ್ನರ ಶಿಕ್ಷೆ. ಗುಲಾಮರಿಗೆ, ದಂಗೆಕೋರರಿಗೆ ಮೀಸಲು. ರೋಮಿನ ಪೌರರಿಗೆ ಸಾಮಾನ್ಯವಾಗಿ ಅದನ್ನು ಕೊಡುತ್ತಿರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆ ಮುರಿದುಬಿದ್ದಾಗ, ಸೆರೆಸಿಕ್ಕ ಆರು ಸಾವಿರ ಜನರನ್ನು ಕಾಪುವಾದಿಂದ ರೋಮ್‌ವರೆಗಿನ ರಸ್ತೆಯುದ್ದಕ್ಕೂ ಶಿಲುಬೆಗೆ ಹಾಕಿದರು ಎಂದು ಇತಿಹಾಸಕಾರ ಅಪ್ಪಿಯನ್ ಬರೆಯುತ್ತಾನೆ. ರಸ್ತೆ ಬದಿಯನ್ನೇ ಆರಿಸಿಕೊಂಡದ್ದು ಸುಮ್ನೆ ಅಲ್ಲ. ಕೊಲ್ಲುವುದು ಅರ್ಧ ಉದ್ದೇಶ, ಜನರಿಗೆ ತೋರಿಸುವುದು ಇನ್ನರ್ಧ.

1968ರಲ್ಲಿ ಜೆರುಸಲೇಮಿನ ಹತ್ತಿರ ಒಂದು ಸಮಾಧಿಯಲ್ಲಿ ಸುಮಾರು ಯೇಸುವಿನ ಶತಮಾನದಲ್ಲೇ ಶಿಲುಬೆಗೆ ಹಾಕಲ್ಪಟ್ಟ ಒಬ್ಬನ ಹಿಮ್ಮಡಿ ಮೂಳೆ ಸಿಕ್ಕಿತು. ಅದರೊಳಗೆ ಸುಮಾರು 11 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ಮೊಳೆಯ ತುದಿ ಬಾಗಿದೆ. ಅದಕ್ಕೇ ಹೆಣ ಇಳಿಸುವಾಗ ಕೀಳಲಾಗದೆ ಹಾಗೇ ಹೂತಿರಬೇಕು ಎಂದು ತಜ್ಞರ ಅಂದಾಜು.

ಈ ಹಿನ್ನೆಲೆ ಇಟ್ಟುಕೊಂಡು ಮೊದಲ ಕ್ರೈಸ್ತ ಬೋಧಕರಲ್ಲಿ ಒಬ್ಬನಾದ ಪೌಲನನ್ನು ಓದಿ. ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತ ಯೆಹೂದ್ಯರಿಗೆ ಅಡ್ಡಿ, ಗ್ರೀಕರಿಗೆ ಹುಚ್ಚುಮಾತು ಎಂದು ಅವನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ಯೆಹೂದ್ಯರಿಗೆ ಯಾಕೆ ಅಡ್ಡಿ? ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಅಂತ ಅವರ ಧರ್ಮಗ್ರಂಥದ ಭಾಗವಾದ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲೇ ಇದೆ. ದೇವರು ಕಳಿಸಿದ ಅರಸ ದೇವರ ಶಾಪ ಹೊತ್ತು ಸತ್ತ ಅಂದರೆ ಯಾರು ನಂಬುತ್ತಾರೆ? ಪೌಲ ಆ ಮಾತನ್ನು ಮುಚ್ಚಿಡುವುದಿಲ್ಲ. ಗಲಾತ್ಯದವರಿಗೆ ಬರೆಯುವಾಗ ಅದೇ ವಾಕ್ಯ ಎತ್ತಿಕೊಂಡು, ಹೌದು, ಆತ ನಮಗೋಸ್ಕರ ಶಾಪವಾದ ಅಂತ ತಿರುಗಿಸಿ ಹೇಳುತ್ತಾನೆ. ನನಗೆ ಇಡೀ ವಿಷಯದಲ್ಲಿ ಅತಿ ಧೈರ್ಯದ ಮಾತು ಅನಿಸಿದ್ದು ಇದೇ.

ಗ್ರೀಕ್, ರೋಮನ್ ಜನರ ಗೇಲಿಗೂ ಪುರಾವೆ ಇದೆ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಗೋಡೆಯ ಗಾರೆ ಮೇಲೆ ಯಾರೋ ಗೀಚಿದ ಚಿತ್ರವೊಂದು ಸಿಕ್ಕಿದೆ. ಶಿಲುಬೆಯ ಮೇಲೆ ಕತ್ತೆತಲೆಯ ಮನುಷ್ಯ, ಕೆಳಗೆ ಒಬ್ಬ ಕೈಯೆತ್ತಿ ನಿಂತಿದ್ದಾನೆ. ಪಕ್ಕದಲ್ಲಿ "ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ" ಎಂಬ ಬರಹ. ಮೊದಲ ಕ್ರೈಸ್ತರು ತಮ್ಮ ಗುರುತಾಗಿ ಮೀನು, ಲಂಗರುಗಳನ್ನೇ ಜಾಸ್ತಿ ಬಳಸಿದರು. ಶಿಲುಬೆಯ ಚಿತ್ರ ಬಹಿರಂಗವಾಗಿ ಹರಡಿದ್ದು ನಾಲ್ಕನೇ ಶತಮಾನದಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಿಂದ ಈಚೆಗೆ.

ಸುವಾರ್ತೆಗಳಲ್ಲಿ

ಯೇಸುವಿನ ಜೀವನ ಹೇಳುವ ನಾಲ್ಕೂ ಸುವಾರ್ತೆಗಳನ್ನು (ಮತ್ತಾಯ, ಮಾರ್ಕ, ಲೂಕ, ಯೋಹಾನ) ಕಲಸಿ ಒಂದೇ ಕಥೆ ಮಾಡಿಕೊಳ್ಳುವ ಅಭ್ಯಾಸ ನಮಗಿದೆ. ಬಿಡಿ ಬಿಡಿಯಾಗಿ ಓದಿದರೆ ಪ್ರತಿಯೊಬ್ಬನೂ ಶಿಲುಬೆಗೆ ಕೊಡುವ ಅರ್ಥ ಕಾಣುತ್ತದೆ.

ಮಾರ್ಕನದು ಕತ್ತಲ ಕಥೆ. ಶಿಲುಬೆಗೆ ಹಾಕಿದ್ದನ್ನು ಎರಡು ಮೂರು ಪದಗಳಲ್ಲಿ ಮುಗಿಸುತ್ತಾನೆ, ಮೊಳೆಯ ಮಾತೇ ಇಲ್ಲ. (ಸುವಾರ್ತೆಗಳಲ್ಲಿ ಮೊಳೆಯ ಹೆಸರು ಬರುವುದು ಯೋಹಾನ 20ರಲ್ಲಿ, ತೋಮನ ಬಾಯಲ್ಲಿ, ಅದೂ ಪುನರುತ್ಥಾನದ ನಂತರ.) ಮಾರ್ಕನ ಯೇಸು ಆಡುವುದು ಒಂದೇ ಮಾತು: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಇದು 22ನೇ ಕೀರ್ತನೆಯ ಮೊದಲ ಸಾಲು. ಆಮೇಲೆ ಒಂದು ಕೂಗು, ಸಾವು. ಆ ಕ್ಷಣದಲ್ಲಿ "ನಿಜವಾಗಿ ಈ ಮನುಷ್ಯನು ದೇವರ ಮಗ" ಅನ್ನುವವನು ಶಿಷ್ಯನಲ್ಲ, ಕಾವಲಿಗೆ ನಿಂತಿದ್ದ ರೋಮನ್ ಶತಾಧಿಪತಿ. ಅಂದ್ರೆ ಮಾರ್ಕನ ಪ್ರಕಾರ ಯೇಸು ಯಾರು ಅಂತ ಗೊತ್ತಾಗುವುದು ಪವಾಡದಲ್ಲಲ್ಲ, ಈ ಸಾವಿನಲ್ಲಿ.

ಲೂಕನ ಯೇಸು ಕೊಲ್ಲುವವರನ್ನು ಕ್ಷಮಿಸುತ್ತಾನೆ, ಪಕ್ಕದ ಅಪರಾಧಿಗೆ ಪರದೈಸನ್ನು (ಸ್ವರ್ಗವನ್ನು) ಕೊಡುತ್ತಾನೆ. ಯೋಹಾನನ ಯೇಸು "ತೀರಿತು" ಎಂದು ಕೆಲಸ ಮುಗಿಸಿದವನ ಹಾಗೆ ಪ್ರಾಣ ಒಪ್ಪಿಸುತ್ತಾನೆ. ಇನ್ನೊಂದು ಗಮನಿಸಿ: ಉಳಿದ ಮೂವರಲ್ಲಿ ಕೊನೆಯ ಊಟವೇ ಪಸ್ಕದ, ಅಂದರೆ ಯೆಹೂದ್ಯರ ಬಿಡುಗಡೆಯ ಹಬ್ಬದ ಊಟ. ಯೋಹಾನನಲ್ಲಿ ಯೇಸು ಸಾಯುವುದು ಪಸ್ಕದ ಹಿಂದಿನ ದಿನ, ಹಬ್ಬದ ಕುರಿಗಳನ್ನು ಕೊಯ್ಯುವ ದಿನ. ಆತನ ಎಲುಬು ಮುರಿಯಲಿಲ್ಲ ಅಂತ ಬೇರೆ ಹೇಳುತ್ತಾನೆ, ಪಸ್ಕದ ಕುರಿಗಿದ್ದ ನಿಯಮವೂ ಅದೇ. ಇಲ್ಲಿ ತಾರೀಖೇ ಬೋಧನೆ.

ಶುಭ ಶುಕ್ರವಾರ ನಮ್ಮ ಹಲವು ಚರ್ಚುಗಳಲ್ಲಿ ಧ್ಯಾನಿಸುವ "ಏಳು ಮಾತುಗಳು" ಯಾವ ಒಂದು ಸುವಾರ್ತೆಯಲ್ಲೂ ಒಟ್ಟಿಗಿಲ್ಲ. ಮತ್ತಾಯ ಮತ್ತು ಮಾರ್ಕರಲ್ಲಿ ಅದೇ ಒಂದು, ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು.

ವಿವರಣೆಗಳು

ಇನ್ನು ಪರೀಕ್ಷೆಗೆ ಬರುವ ಭಾಗ. ಒಂದೊಂದು ಕಾಲದವರು ತಮ್ಮ ಕಾಲದ ವ್ಯವಹಾರದ ಭಾಷೆಯಲ್ಲೇ ಶಿಲುಬೆಯನ್ನು ಬಿಡಿಸಿ ಹೇಳಿದರು. ಅದನ್ನು ನೆನಪಿಟ್ಟುಕೊಂಡರೆ ಹೆಸರುಗಳು ತಾವಾಗಿ ನೆನಪಿರುತ್ತವೆ.

ಗುಲಾಮರನ್ನು ಮಾರಿ ಕೊಳ್ಳುತ್ತಿದ್ದ ಕಾಲದಲ್ಲಿ ಬಿಡುಗಡೆಯ ಹಣದ ಮಾತು ಎಲ್ಲರಿಗೂ ಅರ್ಥವಾಗುತ್ತಿತ್ತು. ಮಾರ್ಕ 10:45ರಲ್ಲಿ ಮನುಷ್ಯಕುಮಾರ (ಯೇಸು) ಅನೇಕರಿಗಾಗಿ ಪ್ರಾಣವನ್ನು ಈಡು, ಅಂದರೆ ಬಿಡುಗಡೆಯ ಬೆಲೆಯಾಗಿ, ಕೊಡಲು ಬಂದ ಎಂದಿದೆ. ಸರಿ, ಈಡು ಯಾರಿಗೆ ಕೊಟ್ಟದ್ದು? ಸೈತಾನನಿಗೆ ಅಂದ ಮೂರನೇ ಶತಮಾನದ ಬೋಧಕ ಓರಿಗೆನ್. ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಇನ್ನೂ ಮುಂದೆ ಹೋಗಿ, ಯೇಸುವಿನ ದೇಹ ಗಾಳದ ಎರೆ, ಒಳಗಿದ್ದ ದೈವತ್ವ ಕೊಕ್ಕೆ, ಸೈತಾನ ನುಂಗಿ ಸಿಕ್ಕಿಬಿದ್ದ ಎಂದ. ಅವನ ಗೆಳೆಯ ನಾಜಿಯಾನ್ಜದ ಗ್ರೆಗರಿಗೆ ಇದು ಹಿಡಿಸಲಿಲ್ಲ. ಕಳ್ಳನಿಗೆ ದೇವರನ್ನೇ ಬೆಲೆಯಾಗಿ ಕೊಡೋದಾ ಎಂಬ ಧಾಟಿಯಲ್ಲಿ ಆಕ್ಷೇಪಿಸಿದ. ಆದರೂ ಶಿಲುಬೆ ಅಂದರೆ ಸಾವಿನ ಮೇಲೂ ಸೈತಾನನ ಮೇಲೂ ಸಿಕ್ಕ ಗೆಲುವು ಎಂಬ ತಿರುಳು ಉಳಿಯಿತು. 1930ರ ಸುಮಾರಿಗೆ ಸ್ವೀಡನ್ನಿನ ಗುಸ್ತಾಫ್ ಔಲೆನ್ ಅದನ್ನು ಮತ್ತೆ ಚರ್ಚೆಗೆ ತಂದ.

ಕ್ಯಾಂಟರ್‌ಬರಿಯ ಅನ್ಸೆಲ್ಮ್ 1098ರಲ್ಲಿ ಮುಗಿಸಿದ ಪುಸ್ತಕದಲ್ಲಿ ಸೈತಾನನನ್ನು ಲೆಕ್ಕದಿಂದಲೇ ತೆಗೆದುಹಾಕಿದ. ಅವನ ಸುತ್ತ ಇದ್ದದ್ದು ಒಡೆಯರು, ಆಳುಗಳು, ಮಾನ ಮರ್ಯಾದೆಯ ಲೋಕ. ಪಾಪ ಅಂದರೆ ದೇವರಿಗೆ ಸಲ್ಲಬೇಕಾದ ಗೌರವ ಸಲ್ಲಿಸದೆ ಇರುವುದು. ಆ ಸಾಲ ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ. ಹಾಗಾಗಿ ಇಬ್ಬರೂ ಆಗಿರುವವನೊಬ್ಬ ಬೇಕಾಯಿತು.

ಮುಂದಿನ ಶತಮಾನದ ಅಬೆಲಾರ್ಡ್ ಶಿಲುಬೆಯಲ್ಲಿ ಮುಖ್ಯವಾಗಿ ಕಂಡದ್ದು ಪ್ರೀತಿಯನ್ನು. ಅದನ್ನು ಕಂಡು ನಮ್ಮ ಮನಸ್ಸು ಕರಗುತ್ತದೆ. ಚೆನ್ನಾಗಿದೆ, ಆದರೆ ಅಷ್ಟೇ ಆದರೆ ಸಾಯಲೇಬೇಕಿತ್ತಾ ಎಂಬ ಪ್ರಶ್ನೆ ಉಳಿಯುತ್ತದೆ.

ಹದಿನಾರನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನ್ ಓದಿದ್ದು ಕಾನೂನು. ಅವನ ಶಿಲುಬೆ ನ್ಯಾಯಾಲಯದ ಭಾಷೆಯಲ್ಲಿದೆ: ಅಪರಾಧಿ ನಾವು, ಶಿಕ್ಷೆ ಅನುಭವಿಸಿದವನು ಆತ. ಅನ್ಸೆಲ್ಮ್, ಕಾಲ್ವಿನ್ ಇಬ್ಬರದೂ ಒಂದೇ ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ ಜನ. ಅನ್ಸೆಲ್ಮ್‌ನ ಪ್ರಕಾರ ಒಂದೋ ಶಿಕ್ಷೆ, ಇಲ್ಲವೇ ಪರಿಹಾರ. ಯೇಸು ಪರಿಹಾರ ಕೊಟ್ಟದ್ದರಿಂದ ಶಿಕ್ಷೆ ತಪ್ಪಿತು. ಕಾಲ್ವಿನ್‌ನಲ್ಲಿ ಶಿಕ್ಷೆ ತಪ್ಪಲಿಲ್ಲ, ಯೇಸುವಿನ ಮೇಲೆ ಬಿತ್ತು.

ಹಾಗಾದರೆ ಕೋಪಗೊಂಡ ತಂದೆ ತಪ್ಪು ಮಾಡದ ಮಗನನ್ನು ಹೊಡೆದ ಹಾಗಾಯಿತಲ್ವಾ? ಈ ಆಕ್ಷೇಪ ಗಟ್ಟಿಯಾದದ್ದೇ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ 2 ಕೊರಿಂಥ 5:19: ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು. ಶಿಲುಬೆಯ ಆಚೆ ನಿಂತು ನೋಡಿದವನಲ್ಲ. 1972ರಲ್ಲಿ ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್ ಇದನ್ನು ಇನ್ನೂ ಎಳೆದು, ಮಗನ ಸಾವಿನ ನೋವನ್ನು ತಂದೆಯೂ ಉಂಡ ಎಂದು ವಾದಿಸಿದ. ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಶುರುವಾಯಿತು ಎನ್ನುತ್ತಾರೆ. ತುಳಿಯಲ್ಪಟ್ಟು, ಸೀಳಲ್ಪಟ್ಟು ಶಿಲುಬೆಯ ಮೇಲಿರುವ ಯೇಸುವಿನಲ್ಲಿ ಆತನ ದಲಿತತನವೇ ಕಾಣುತ್ತದೆ ಎಂಬುದು ಅವರ ವಾದ. ರೋಮನ್ ಶಿಲುಬೆ ಯಾರಿಗೆ ಮೀಸಲಾಗಿತ್ತು ಅಂತ ಗೊತ್ತಿದ್ದವರಿಗೆ ಈ ಮಾತು ಎಲ್ಲಿಂದಲೋ ತಂದು ಅಂಟಿಸಿದ್ದು ಅನಿಸುವುದಿಲ್ಲ.

ಕೊನೆಗೆ ಒಂದು ಚಿಕ್ಕ ಗೊಂದಲ. ಕಥೋಲಿಕ ಚರ್ಚಿನ ಶಿಲುಬೆಯಲ್ಲಿ ಯೇಸುವಿನ ದೇಹ ಇರುತ್ತದೆ, ಪ್ರೊಟೆಸ್ಟಂಟ್ ಚರ್ಚುಗಳಲ್ಲಿ ಹೆಚ್ಚಾಗಿ ಶಿಲುಬೆ ಬರಿದು. ಮೊದಲನೆಯವರು ಸಾವನ್ನೂ ಎರಡನೆಯವರು ಪುನರುತ್ಥಾನವನ್ನೂ ನಂಬುತ್ತಾರೆ ಅಂತ ಇದರಿಂದ ತೀರ್ಮಾನಿಸಬೇಡಿ. ಎರಡು ಕಡೆಯವರೂ ಎರಡನ್ನೂ ನಂಬುತ್ತಾರೆ. ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನು ಬಿಟ್ಟು ಬೇರೇನೂ ನನಗೆ ಬೇಡ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯದಲ್ಲಿ ಬರೆದ ಪೌಲ, ಅದೇ ಪತ್ರದ ಹದಿನೈದನೇ ಅಧ್ಯಾಯದಲ್ಲಿ ಕ್ರಿಸ್ತ ಎದ್ದುಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ, ನೀವಿನ್ನೂ ಪಾಪದಲ್ಲೇ ಇದ್ದೀರಿ ಎನ್ನುತ್ತಾನೆ.